ಬರುವ ದಾರಿಯ ಗಾಳಿ

"ಹೋಗೋದಕ್ಕೂ ಬರೋದಕ್ಕೂ ದೂರ ಒಂದೇ ತಾನೆ?"

ಕೇಳಿದವನು ಅವನೇ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಕೋಣೆಗಳ ನಡುವಿನ ಓಣಿಯ ಕೊನೆಗಿದ್ದ ಬಚ್ಚಲಿನ ಕನ್ನಡಿಯ ಮುಂದೆ, ಮುಖಕ್ಕೆ ನೀರೆರಚಿಕೊಂಡು, ಒರೆಸಿಕೊಳ್ಳಲು ಏನೂ ತಂದಿಲ್ಲವೆಂದು ಆಮೇಲೆ ನೆನಪಾಗಿ, ಗಲ್ಲದಿಂದ ಅಂಗಿಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೂ ಸುಮ್ಮನೆ ನಿಂತಿದ್ದ. ಕಿಟಕಿಯಾಚೆ, ಎದುರು ಕಟ್ಟಡದ ತಾರಸಿಯ ಮೇಲೆ, ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಎಲ್ಲವೂ ಒಂದೇ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಹೆಂಗಸೊಬ್ಬಳು ಬುಟ್ಟಿ ಹಿಡಿದು ಆ ಸಾಲಿನ ಪಕ್ಕದಲ್ಲಿ ನಡೆದು ಹೋದಳು. ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ, ಅರ್ಧ ಓಡುತ್ತ, ಹಗುರಾಗಿ. ತುದಿ ಮುಟ್ಟಿ ತಿರುಗಿದವಳು ಬರುವಾಗ ಬೇರೆಯೇ ಹೆಂಗಸಾಗಿದ್ದಳು. ತಲೆ ತಗ್ಗಿಸಿ, ಹೆಗಲು ಮುಂದೆ ಮಾಡಿ, ಕಣ್ಣು ಕಿರಿದು ಮಾಡಿಕೊಂಡು, ಗಾಳಿಯನ್ನು ಕದದಂತೆ ತಳ್ಳಿ ತಳ್ಳಿ ಬರುತ್ತಿದ್ದಳು. ಅದೇ ತಾರಸಿ, ಅದೇ ಬುಟ್ಟಿ. ಅದನ್ನು ನೋಡುತ್ತಿದ್ದಂತೆಯೇ ಅವನ ಬಾಯಿಯಿಂದ ಆ ಪ್ರಶ್ನೆ ಬಂದದ್ದು.

ಅಕ್ಕ ಏಳೂವರೆಗೆ ಇಳಿದಿರಬೇಕಿತ್ತು. ಈಗ ಎಂಟಾಗುತ್ತ ಬಂದಿತ್ತು. ಇಳಿದ ಕೂಡಲೇ ಫೋನು ಮಾಡುತ್ತೇನೆ ಅಂದವಳು ಮಾಡಿರಲಿಲ್ಲ. ಇಷ್ಟು ಹೊತ್ತೂ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ: ಸಾಲು ಉದ್ದವಿರಬಹುದು, ಪೆಟ್ಟಿಗೆ ಬರುವುದು ತಡವಾಗಿರಬಹುದು, ಫೋನಿನ ಉಸಿರು ನಿಂತಿರಬಹುದು. ಒದ್ದೆ ಬೆರಳಿಗೆ ಫೋನು ಓಗೊಡಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಹೊಳೆಯುವ ನೀಲಿಯ ಮೇಲೆ ಒಂದು ಪುಟ್ಟ ವಿಮಾನದ ಚಿತ್ರ, ಮೂಗು ಇತ್ತ ಮಾಡಿಕೊಂಡು, ಅಂಟಿಸಿಟ್ಟ ಹಾಗೆ ಸಮುದ್ರದ ಮೇಲೆಯೇ ಇತ್ತು. ಇಳಿಯುವುದು ಹತ್ತು ಗಂಟೆಗೆ ಎಂದು ಅದರ ಕೆಳಗೆ ಬರೆದಿತ್ತು. ಅಲ್ಲಿಂದ ಆಸ್ಪತ್ರೆಗೆ ಇನ್ನೊಂದು ಗಂಟೆಯ ದಾರಿ. ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವುದು ಒಂಬತ್ತಕ್ಕೆ.

ಹೋಗುವಾಗ ಹನ್ನೊಂದು ಗಂಟೆ, ಬರುವಾಗ ಹದಿಮೂರೂವರೆ. ಇದು ಅವನಿಗೆ ಗೊತ್ತಿರಲಿಲ್ಲವೆ? ವಿಮಾನದ ಟಿಕೆಟ್ಟು ಮಾರುವ ಅಂಗಡಿಯ ಗಾಜಿನ ಹಿಂದೆ ಕೂತು ಕೂತು ಅವನ ಕುರ್ಚಿಯ ಮೆತ್ತೆ ಎರಡು ಸಲ ಬದಲಾಗಿತ್ತು. ಆ ದೂರದ ಊರಿಗೆ ದುಡಿಯಲು ಹೋಗುವವರು ಅವನ ಮುಂದೆ ಬಂದು ನಿಂತು, ಕೊನೆಯಲ್ಲಿ, ಬೇರೆಲ್ಲ ಕೇಳಿ ಮುಗಿಸಿದ ಮೇಲೆ, ದನಿ ತಗ್ಗಿಸಿ ಕೇಳುತ್ತಿದ್ದುದು ಅದೊಂದನ್ನೇ: ಎಷ್ಟು ದೂರ, ಎಷ್ಟು ಹೊತ್ತು. ಮೇಜಿನ ಮೇಲೆ ಒಂದು ಗ್ಲೋಬು ಇತ್ತು. ಅಪ್ಪ ಕೊಟ್ಟಿದ್ದ ಹಳೆಯ ಟೈಲರ್ ಟೇಪನ್ನು ಈ ಊರಿಂದ ಆ ಊರಿಗೆ ಗ್ಲೋಬಿನ ನೆತ್ತಿಯ ಮೇಲಿಂದ ಎಳೆದು ತೋರಿಸುತ್ತಿದ್ದ. "ನಕಾಶೆಯಲ್ಲಿ ನೋಡಿದ ಹಾಗೆ ನೇರ ಹೋಗಲ್ಲ, ಹೀಗೆ ಬಾಗಿ ಹೋಗುತ್ತೆ, ಅದೇ ಹತ್ತಿರ." ಆಮೇಲೆ, ನಗುತ್ತ: "ಹನ್ನೊಂದು ಗಂಟೆ. ಗಾಳಿ ಬೆನ್ನಿಗೆ ಇರುತ್ತೆ, ಸುಖವಾಗಿ ಹೋಗ್ತೀರಿ." ಹೋಗುವವರು ಅವನ ಬಳಿ ಬರುತ್ತಿದ್ದರು, ಬರುವವರು ಬರುವ ಟಿಕೆಟ್ಟನ್ನು ಆ ಊರಲ್ಲೇ ಕೊಳ್ಳುತ್ತಿದ್ದರು. ಬರುವ ದಾರಿ ಎಷ್ಟು ಹೊತ್ತಿನದು ಎಂದು ಅವನನ್ನು ಯಾರೂ ಕೇಳಿದ್ದೇ ಇಲ್ಲ. ಆ ಒಂದು ಮಾತು ನಾಲಿಗೆಗೆ ಎಷ್ಟು ಅಂಟಿತ್ತೆಂದರೆ ಹೆಂಡತಿ ಹಾಸ್ಯ ಮಾಡುತ್ತಿದ್ದಳು. "ನಿಮ್ಮನ್ನ ಹಾಲು ಕಾಯೋಕೆ ಎಷ್ಟು ಹೊತ್ತು ಅಂತ ಕೇಳಿದ್ರೂ ಹನ್ನೊಂದು ಗಂಟೆ ಅಂತೀರಿ ಕಣ್ರೀ."

ಆದರೆ ಗಾಳಿ ಬೆನ್ನಿಗೆ ಇರುತ್ತದೆ ಎಂದು ದಿನಾ ಹೇಳುವವನಿಗೆ, ತಿರುಗಿದರೆ ಅದೇ ಗಾಳಿ ಎದೆಗೆ ಬರುತ್ತದೆ ಎಂಬುದು ಹೊಳೆಯದೆ ಇರುತ್ತದೆಯೆ?

ಮೊನ್ನೆ ಅಕ್ಕನ ಫೋನು ಬಂದಾಗ ಅವನು ಅಂಗಡಿಯ ಬಾಗಿಲು ಎಳೆಯುತ್ತಿದ್ದ. ಅವಳ ಹಿಂದೆ ಯಾವುದೋ ಬೀದಿಯ ಸದ್ದು. ಓಡುತ್ತ ಮಾತಾಡುತ್ತಿದ್ದಳೋ ಏನೋ, ಉಸಿರು ಕಟ್ಟಿತ್ತು. "ಏ ಕಿವಿ, ನಿಜ ಹೇಳು. ಇವತ್ತೇ ಒಂದಿದೆ, ಎರಡು ಕಡೆ ಇಳಿದು ಹತ್ತಬೇಕು. ಈಗಲೇ ಹೊರಟರೆ ಸಿಗುತ್ತೆ. ಇಲ್ಲಾಂದ್ರೆ ನಾಳೆ ನೇರ ಬರೋದು. ಯಾವುದು ಹಿಡೀಲಿ?" ಅವನು ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು, ಗೋಡೆಗೆ ಒರಗಿ, ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ್ದ. "ನಾಳೇದೇ ಸಾಕು ಕಣೇ. ಹನ್ನೊಂದು ಗಂಟೆ. ಅಪ್ಪನ್ನ ಒಳಗೆ ಕರ್ಕೊಂಡು ಹೋಗೋ ಮುಂಚೆ ಆರಾಮಾಗಿ ಬಂದು ಪಕ್ಕದಲ್ಲಿ ಕೂತಿರ್ತೀಯ." ಅವಳ ಹೆಜ್ಜೆ ನಿಂತದ್ದು ಕೇಳಿಸಿತು. "ಖಂಡಿತಾನಾ? ನಂಗೆ ಬೇರೇನೂ ಬೇಡ ಕಣೋ. ಅವರ ದನಿ ಒಂದ್ಸಲ ಕೇಳಬೇಕು. ಒಂದು ಪದ್ಯ. ಅರ್ಧ ಪದ್ಯ ಆದ್ರೂ ಸಾಕು." "ಅಕ್ಕ, ಇದೇ ನನ್ನ ಹೊಟ್ಟೆಪಾಡು." ಆಗ ಅವಳು ನಕ್ಕಿದ್ದಳು. "ಸರಿ ಬಿಡಪ್ಪ, ವಿಮಾನದ ಯಜಮಾನರು ಹೇಳಿದ ಮೇಲೆ ಮುಗೀತು, ಟಿಕೆಟ್ಟಲ್ಲಿ ಇಳಿಯೋ ಹೊತ್ತೂ ನೋಡಲ್ಲ ನಾನು."

ಬಚ್ಚಲಿನ ಕನ್ನಡಿಯಲ್ಲಿ ಯಜಮಾನರ ಮುಖ ನೀರು ಸುರಿಸುತ್ತಿತ್ತು. ನಲವತ್ತು ದಾಟಿದ ಮುಖ, ಕಿವಿಗಳು ಮಾತ್ರ ಇನ್ನೂ ಹುಡುಗನವು, ತಲೆಯಿಂದ ಎರಡೂ ಕಡೆಗೆ ನಿಂತವು. ನಾಲಿಗೆ ತಪ್ಪಿತೆ? ನಾಲಿಗೆಯ ಹಿಂದೆ ಕತ್ತಲಲ್ಲಿ ಕೂತವನು ಯಾರೋ ತಪ್ಪಿಸಿದನೆ? ದೇವರೇ ಎಂದುಕೊಂಡ. ಮುಂದೆ ಬೇಡಿಕೊಳ್ಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಹನ್ನೊಂದು ಗಂಟೆ, ಗಾಳಿ ಬೆನ್ನಿಗೆ ಇರುತ್ತೆ ಎಂಬುದೇ ಬಂತು.

ಅಪ್ಪನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಪ್ಪ ದಿಂಬಿಗೆ ಒರಗಿ, ಆಸ್ಪತ್ರೆಯವರು ಉಡಿಸಿದ ತೆಳು ನೀಲಿ ನಿಲುವಂಗಿಯ ಹೊಲಿಗೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಇವನನ್ನು ಕಂಡು, ದಾರ ಬಿಟ್ಟುಹೋದ ಕಡೆ ತೋರಿಸಿ, ಮುಖ ಸಿಂಡರಿಸಿದರು. ನಿನ್ನೆ ಸಂಜೆಯಿಂದ ಅವರು ಒಂದು ಮಾತೂ ಆಡಿರಲಿಲ್ಲ. ಆಡಲಾಗದೆ ಅಲ್ಲ, ಒಡಕು ಒಡಕಾಗಿಯಾದರೂ ದನಿ ಇನ್ನೂ ಇತ್ತು. ಮಗಳಿಗಾಗಿ ಕೂಡಿಡುತ್ತಿದ್ದಾರೆ ಎಂದು ಅವನಿಗೆ ಕೂಡಲೇ ಅರ್ಥವಾಗಿತ್ತು. ಉಳಿದಿರುವುದೇ ಸ್ವಲ್ಪ, ಅದನ್ನು ನರ್ಸಿನ ಜೊತೆ, ಗುಡಿಸುವವಳ ಜೊತೆ, ತನ್ನ ಜೊತೆ ಪೋಲು ಮಾಡಬಾರದು. ನೀರು ಬೇಕೆಂದರೆ ಹೆಬ್ಬೆರಳು ತುಟಿಗೆ, ಕಿಟಕಿ ಮುಚ್ಚು ಎಂದರೆ ಅಂಗೈ ಅಂಗೈಗೆ. ಬೆಳಿಗ್ಗೆ ಸರ್ಜನ್ನಮ್ಮ ಬಂದು ಅವರ ಕುತ್ತಿಗೆಯ ಮೇಲೆ, ಈ ಕಿವಿಯ ಕೆಳಗಿನಿಂದ ಆ ಕಿವಿಯ ಕೆಳಗಿನವರೆಗೆ, ನೇರಳೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ, ದನಿ ಹುಟ್ಟುವ ಜಾಗವನ್ನೇ ಪೂರ್ತಿ ತೆಗೆಯಬೇಕು ಎಂದು ಅವರು ಮೊದಲೇ ಬಿಡಿಸಿ ಹೇಳಿದ್ದರು. ಗೆರೆ ಎಳೆದು ಮುಗಿಸಿದ ಮೇಲೆ ಅಪ್ಪ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ಆಮೇಲೆ ಬೆರಳ ಸಂದಿನಲ್ಲಿ ಇಷ್ಟೇ ಇಷ್ಟು ಜಾಗ ಮಾಡಿ ತೋರಿಸಿದ್ದರು. ಸರ್ಜನ್ನಮ್ಮನಿಗೆ ತಿಳಿಯಲಿಲ್ಲ. "ಏನಂತೆ?" ಎಂದು ಇವನನ್ನು ಕೇಳಿದರು. "ಹೊಲಿಗೆಗೆ ಸ್ವಲ್ಪ ಬಟ್ಟೆ ಬಿಟ್ಟು ಕತ್ತರಿಸಿ ಅಂತಿದಾರೆ," ಎಂದ ಇವನು. "ಟೈಲರು." ಸರ್ಜನ್ನಮ್ಮ ನಕ್ಕರು. ಅಪ್ಪ ನಗಲಿಲ್ಲ, ಒಳ್ಳೆಯ ಹಾಸ್ಯ ಮಾಡಿದಾಗ ಅವರು ಎಂದೂ ನಗುತ್ತಿರಲಿಲ್ಲ.

ಅಪ್ಪನ ಅಂಗಡಿಯಲ್ಲಿ ಹೊಲಿಗೆಯ ಮೆಷಿನ್ನಿನ ಸದ್ದೂ ಅವರು ಬಾಯಿಪಾಠದಿಂದ ಹೇಳುತ್ತಿದ್ದ ಕಾವ್ಯದ ಪದ್ಯದ ಸದ್ದೂ ಬೇರೆ ಬೇರೆಯಾಗಿ ಅವನಿಗೆ ನೆನಪೇ ಇಲ್ಲ. ಕಾಲು ತುಳಿದ ಹಾಗೆ ಸಾಲು ಬರುತ್ತಿತ್ತು. ತೋಳು ತಿರುಗಿಸುವಲ್ಲಿ, ಕಾಲರು ಕೂಡಿಸುವಲ್ಲಿ ಕಾಲು ನಿಧಾನವಾದರೆ ಪದ್ಯವೂ ಅಲ್ಲಿ ಎಳೆದುಕೊಳ್ಳುತ್ತಿತ್ತು. ಉದ್ದ ಹೊಲಿಗೆ ಬಂದರೆ ಇಡೀ ಯುದ್ಧವೇ ಒಂದು ಉಸಿರಿಗೆ ಮುಗಿಯುತ್ತಿತ್ತು. ಸಂಜೆ ಹಿರಿಯರೆಲ್ಲ ಬಂದು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಅಕ್ಕ ಮೆಷಿನ್ನಿನ ಕೆಳಗೆ ಬಟ್ಟೆ ಚೂರುಗಳ ನಡುವೆ ಕೂತು ಅಪ್ಪ ಅಂದದ್ದನ್ನೆಲ್ಲ ತಿರುಗಿ ಅನ್ನುತ್ತಿದ್ದಳು. ಅದಕ್ಕೇ ಅವಳು ಗಿಣಿ. ಅವನಿಗೂ ಆಸೆಯಾಗಿ ಒಂದು ಸಂಜೆ, ಬೆಂಚಿನ ತುಂಬ ಜನ ಇದ್ದಾಗ, ಗಟ್ಟಿಯಾಗಿ ಒಂದು ಸಾಲು ಎತ್ತಿಕೊಂಡಿದ್ದ. ದನಿ ಅರ್ಧಕ್ಕೆ ಕಲ್ಲಿಗೆ ತಗಲಿದ ಚಕ್ರದಂತೆ ಕಿರ್ರೆಂದಿತು. ಯಾರೂ ನಗಲಿಲ್ಲ, ಅದೇ ಕೆಟ್ಟದಾಗಿತ್ತು. ಅಪ್ಪ ಮೆಷಿನ್ನು ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, ಬಹಳ ಪ್ರೀತಿಯಿಂದ ಹೇಳಿದ್ದರು. "ನೀನು ಕೇಳು ಮಗ. ಕೇಳೋರೂ ಬೇಕಲ್ಲ. ನೀನು ನನ್ನ ಕಿವಿ." ಅವತ್ತಿನಿಂದ ಅವನ ಹೆಸರು ಕಿವಿ. ಅಷ್ಟು ಪ್ರೀತಿಯಿಂದ ಯಾರಾದರೂ ಬಾಗಿಲು ಮುಚ್ಚಿದರೆ ಒಡೆಯುವುದಕ್ಕೂ ಕೈ ಬರುವುದಿಲ್ಲ.

ಅಪ್ಪ ಬೆರಳಿನಿಂದ ಗಾಳಿಯಲ್ಲಿ ಒಂದು ರೆಕ್ಕೆ ಬರೆದು, ಹುಬ್ಬು ಏರಿಸಿದರು. ಗಿಣಿ ಎಲ್ಲಿದೆ ಎಂದು.

"ಸಮುದ್ರ ದಾಟಿರಬೇಕು," ಎಂದ ಅವನು.

ಅಪ್ಪ ಅವನ ಮುಖವನ್ನೇ ನೋಡಿದರು. ಅಳತೆ ತೆಗೆಯುವಾಗಿನ ನೋಟ. ಮೈ ಮುಟ್ಟದೆಯೇ ಯಾವ ಹೆಗಲು ಇಳಿದಿದೆ, ಯಾವುದು ಏರಿದೆ ಎಂದು ಕಂಡುಹಿಡಿಯುವ ನೋಟ. ಅವನು ಒದ್ದೆ ಅಂಗಿಯನ್ನು ಎಳೆದುಕೊಂಡು, ನರ್ಸನ್ನು ಏನೋ ಕೇಳಬೇಕು ಎಂದು ಗೊಣಗಿ ಹೊರಗೆ ಬಂದ.

ಓಣಿಯಲ್ಲಿ ಫಿನೈಲಿನ ವಾಸನೆ. ಗುಡಿಸುವವಳು ಒರೆಸಿದ ನೆಲದ ಮೇಲೆ ಅವನ ಬೂಟಿನ ಗುರುತು ಮೂಡಿ, ಅವಳು ಏನೂ ಅನ್ನದೆ ಅದನ್ನೇ ಮತ್ತೆ ಒರೆಸಿದಳು. ಇನ್ನೂ ದಾರಿಯಿತ್ತು: ಹೇಳುವುದು. ಹೇಳದೆ ಇರುವ ದಾರಿಯೂ ಇತ್ತು, ಅದು ಇನ್ನೂ ಸುಲಭ. ಒಂಬತ್ತರ ತನಕ ಈ ಓಣಿಯಲ್ಲಿ ಓಡಾಡಿದರೆ ಆಯಿತು. ವಿಮಾನ ತಡವಾಯಿತು ಅಂದರೆ ಅಕ್ಕನೂ ನಂಬುತ್ತಾಳೆ. ವಿಮಾನಗಳು ತಡವಾಗುತ್ತಲೇ ಇರುತ್ತವೆ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಬಗ್ಗೆ ಭಯವಾಯಿತು. ಈ ತಿಂಗಳುಗಳಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆತಂದವನು, ಗಂಜಿ ಸೋಸಿ ಕುಡಿಸಿದವನು, ರಾತ್ರಿ ಕೆಮ್ಮಿದರೆ ಎದ್ದವನು ತಾನು. ಅಕ್ಕ ಫೋನು ಮಾಡಿದಾಗಲೆಲ್ಲ ಅಪ್ಪ ಕೈಯಾಡಿಸಿ, ಗಂಟಲು ಕಟ್ಟಿದೆ ಅಂತ ಹೇಳು, ಎಂದು ತನ್ನ ಬಾಯಿಂದ ಹೇಳಿಸುತ್ತಿದ್ದರು. ದನಿ ಒಂದೊಂದು ಎಳೆಯಾಗಿ ಬಿಚ್ಚಿಕೊಂಡದ್ದನ್ನು ಕೇಳಿದವನು ತಾನೊಬ್ಬನೇ. ಕೊನೆಯ ಬೆಳಗು ಮಾತ್ರ ಹಾರಿ ಬಂದವಳಿಗೆ. ಹೀಗೆ ಅಂದುಕೊಂಡಿದ್ದನೆ, ಅವತ್ತು, ಅಂಗಡಿಯ ಬಾಗಿಲಲ್ಲಿ, ಬೀಗದ ಕೈ ಬೀಗದಲ್ಲೇ ಬಿಟ್ಟು? ಅಂದುಕೊಂಡ ನೆನಪಿಲ್ಲ. ಅಂದುಕೊಂಡಿಲ್ಲ ಎಂಬ ನೆನಪೂ ಇಲ್ಲ.

ಸರ್ಜನ್ನಮ್ಮ ಓಣಿಯ ಆ ತುದಿಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಬ್ಬ ರೋಗಿಯ ಕಡೆಯವರಿಗೆ ಏನೋ ಬಿಡಿಸಿ ಹೇಳುತ್ತಿದ್ದರು. ಅವರು ಹೋಗುವವರೆಗೂ ಇವನು ಕೈಕಟ್ಟಿ ನಿಂತ. ಅವರು ತಿರುಗಿದಾಗ ಮಾತು ತಡವರಿಸಿತು.

"ಡಾಕ್ಟ್ರೇ, ನಮ್ಮಕ್ಕ... ಬರ್ತಿದಾಳೆ. ವಿಮಾನದಲ್ಲಿದಾಳೆ. ಬರೋದು ಹನ್ನೊಂದಾಗುತ್ತೆ."

"ಎಂಟೂವರೆಗೆಲ್ಲ ಇಲ್ಲೇ ಇರ್ತಾರೆ ಅಂದಿದ್ರಿ?"

"ಲೆಕ್ಕ ತಪ್ಪಿತು. ಹೋಗೋ ಹೊತ್ತನ್ನೇ ಬರೋ ಹೊತ್ತು ಅಂದ್ಕೊಂಡೆ. ಬರುವಾಗ ಗಾಳಿ ಎದುರಿಗಿರುತ್ತೆ, ಜಾಸ್ತಿ ಹಿಡಿಯುತ್ತೆ."

"ಹೌದಾ," ಅಂದರು ಅವರು, ಲೋಟದಲ್ಲಿದ್ದದ್ದನ್ನು ಒಂದು ಗುಟುಕು ಕುಡಿದು. "ಅದು ನಮಗೆ ಹೇಗೆ ಗೊತ್ತಾಗಬೇಕು ಬಿಡಿ. ನೀವೇನ್ ಕೆಲಸ ಮಾಡ್ಕೊಂಡಿದೀರಿ?"

"ವಿಮಾನದ ಟಿಕೆಟ್ ಮಾರ್ತೀನಿ."

ಸರ್ಜನ್ನಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಬುಡದಿಂದ ಆದ ಒದ್ದೆ ಉಂಗುರವನ್ನು ಬೆರಳಿನಿಂದ ಒರೆಸಿದರು. ಅವನ ಕಿವಿಗಳು ಬಿಸಿಯಾದವು.

"ನೋಡಿ," ಎಂದರು ಕೊನೆಗೆ. "ಇವತ್ತು ಇನ್ನೊಬ್ಬರಿದಾರೆ. ಅವರನ್ನ ಮೊದಲು ತಗೊಂಡು ನಿಮ್ಮ ತಂದೆಯವರನ್ನ ಮಧ್ಯಾಹ್ನಕ್ಕೆ ಹಾಕಬಹುದು. ನನಗೇನೂ ತೊಂದರೆ ಇಲ್ಲ. ಆದರೆ ಅವರಿಗೆ ಉಸಿರು ಕಷ್ಟ ಆಗ್ತಿದೆ, ಹೊಟ್ಟೆಗೂ ಏನೂ ಇಲ್ಲ. ಕಾಯೋರು ಅವರು. ಅವರೇ ಒಪ್ಪಬೇಕು. ಈಗಲೇ ಹೋಗಿ ಕೇಳಿ, ಆ ಕಡೆಯವರಿಗೂ ಹೇಳಬೇಕು ನಾನು."

ಕಾಲಿಗೆ ನೆಲ ಸಿಕ್ಕಂತಾಯಿತು. ಕಾಯಬಹುದು. ಎಲ್ಲವನ್ನೂ ಸರಿಮಾಡಬಹುದು. ಅಪ್ಪ ಒಂದು ಸಲ ತಲೆಯಾಡಿಸಿದರೆ ಸಾಕು. ಅಕ್ಕ ಹನ್ನೊಂದಕ್ಕೆ ಬಂದು, ಪೆಟ್ಟಿಗೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಓಡಿ, ತನ್ನ ಅರ್ಧ ಪದ್ಯ ಕೇಳುತ್ತಾಳೆ. ತಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ಕೇಳುವುದಿಲ್ಲ, ಬೇಕಾದರೆ ಮೆಟ್ಟಿಲಿಳಿದು ಬೀದಿಗೇ ಹೋಗಿಬಿಡುತ್ತೇನೆ. ಹೀಗೆ ಹರಕೆ ಹೊತ್ತವನಂತೆ ತನಗೆ ತಾನೇ ಮಾತು ಕೊಡುತ್ತ ನಡೆದ. ಓಣಿ ಬರುವಾಗ ಇದ್ದುದಕ್ಕಿಂತ ಉದ್ದವಾಗಿತ್ತು. ಅದು ಅನ್ನಿಸಿದ ಕ್ಷಣಕ್ಕೇ ಹೊಳೆಯ ದಾರಿ ಕಣ್ಣ ಮುಂದೆ ಬಂತು. ಅಂಗಡಿಗೆ ರಜೆಯಿದ್ದ ದಿನ ಅಪ್ಪ ಇಬ್ಬರನ್ನೂ ಕೈಹಿಡಿದು ಹೊಳೆಗೆ ಕರೆದುಕೊಂಡು ಹೋಗುತ್ತಿದ್ದರು. ಮನೆ ದಿಬ್ಬದ ಮೇಲೆ, ಹೊಳೆ ಕೆಳಗೆ. ಎಷ್ಟು ದೂರ ಅಪ್ಪ ಎಂದರೆ, ಒಂದು ಅಧ್ಯಾಯ ದೂರ ಎನ್ನುತ್ತಿದ್ದರು. ಇಳಿಯುತ್ತ ಪದ್ಯ ಶುರುವಾದರೆ ಸರಿಯಾಗಿ ನೀರಿಗೆ ಕಾಲಿಡುವಾಗ ಅಧ್ಯಾಯ ಮುಗಿಯುತ್ತಿತ್ತು. ಹಿಂದಿರುಗುವಾಗ ಅಕ್ಕ ಅಪ್ಪನ ಹೆಗಲ ಮೇಲೆ, ಅವನು ನಡೆದು. ಏರುವಾಗ ಅಪ್ಪನ ಉಸಿರು ಸಾಲಿನ ನಡುವೆ ಕಡಿಯುತ್ತಿತ್ತು. ಅಧ್ಯಾಯ ಮುಗಿದರೂ ಮನೆ ಬರುತ್ತಿರಲಿಲ್ಲ. ಇನ್ನೊಂದು ಅಧ್ಯಾಯದ ಅರ್ಧ ಬೇಕಾಗುತ್ತಿತ್ತು. "ಅದೇ ದಾರಿ ಅಲ್ವಾ ಅಪ್ಪ?" ಎಂದು ಕೇಳಿದವನು ಅವನೇ. "ದಾರಿ ಅದೇ ಕಣೋ. ನಡೆಯೋ ಮೈ ಬೇರೆ," ಎಂದಿದ್ದರು ಅಪ್ಪ ಮೇಲುಸಿರು ಬಿಡುತ್ತ. ಅಂದರೆ ಗೊತ್ತಿತ್ತು. ಗಾಳಿಯ ವಿಷಯ ತಿಳಿಯುವ ಮೊದಲೇ, ಅಂಗಡಿ, ಗ್ಲೋಬು, ಗಾಜು ಎಲ್ಲದಕ್ಕೂ ಮೊದಲೇ, ಅವನ ಪಾದಕ್ಕೆ ಅದು ಗೊತ್ತಿತ್ತು.

ಕೋಣೆಯಲ್ಲಿ ನರ್ಸು ಅಪ್ಪನ ತಲೆಗೆ ಹಸಿರು ಟೋಪಿ ಹಾಕುತ್ತಿದ್ದಳು. "ಎಷ್ಟು ಚೆನ್ನಾಗಿ ಕಾಣ್ತೀರಿ ತಾತ, ಮದುವೆ ಗಂಡು," ಎಂದಳು. ಅಪ್ಪ ಟೋಪಿಯ ಅಂಚನ್ನು ಎಳೆದು ನೋಡಿ ಅದರ ಹೊಲಿಗೆಗೂ ಮುಖ ಸಿಂಡರಿಸಿದರು. ಅವಳು ಹೊರಗೆ ಹೋಗುವವರೆಗೂ ಅವನು ಬಾಗಿಲ ಬಳಿ ನಿಂತಿದ್ದು, ಆಮೇಲೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ.

"ಅಪ್ಪ, ನಾನು ತಪ್ಪು ಲೆಕ್ಕ ಹಾಕಿದೆ. ಅಕ್ಕ ಒಂಬತ್ತಕ್ಕೆ ಮುಂಚೆ ಬರಲ್ಲ. ಹನ್ನೊಂದಾಗುತ್ತೆ."

ಅಪ್ಪ ಟೋಪಿಯ ಅಂಚಿನಿಂದ ಕೈ ತೆಗೆದರು.

"ಡಾಕ್ಟ್ರನ್ನ ಕೇಳಿದೀನಿ. ಬೇರೆಯವರನ್ನ ಮೊದಲು ತಗೋತಾರಂತೆ. ನೀವು ಹೂಂ ಅಂದ್ರೆ ಮಧ್ಯಾಹ್ನಕ್ಕೆ ಹಾಕ್ತಾರೆ. ಸ್ವಲ್ಪ ಹೊತ್ತು ಕಾಯೋಣ ಅಪ್ಪ. ತಲೆ ಆಡಿಸಿ ಸಾಕು, ಮಾತಾಡೋದು ಬೇಡ, ದನಿ ಅವಳಿಗೆ ಇರಲಿ."

ಅಪ್ಪ ನೀರಿಗಾಗಿ ಕೈ ಚಾಚಿದವರು, ಕುಡಿಯಬಾರದೆಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬಾಯಿ ತೆರೆದರು. ನಿನ್ನೆಯಿಂದ ಮುಚ್ಚಿದ್ದ ಬಾಯಿ. ತುಕ್ಕು ಹಿಡಿದ ಬೀಗ ತಿರುಗಿದಂತೆ ಮೊದಲು ಬರಿಯ ಸದ್ದು, ಅದರ ಬೆನ್ನಿಗೆ ಮಾತು.

"ಹೋಗೋದಕ್ಕೆ ಎಷ್ಟು?"

"ಹನ್ನೊಂದು ಗಂಟೆ."

"ಬರೋದಕ್ಕೆ?"

"ಹದಿಮೂರೂವರೆ. ಗಾಳಿ ಎದುರು."

"ಏರಿಗೆ ಒಂದೂವರೆ ಅಧ್ಯಾಯ," ಎಂದರು ಅಪ್ಪ. "ಮರೆತೆಯಾ?"

ಅವನು ನೆಲ ನೋಡಿದ. ಮರೆತೆ ಎಂದರೆ ಸುಳ್ಳು, ಇಲ್ಲ ಎಂದರೆ ಅದಕ್ಕಿಂತ ದೊಡ್ಡದೇನೋ.

"ಅಪ್ಪ, ದನಿ ಖರ್ಚು ಮಾಡಬೇಡಿ."

"ಯಾರಿಗೆ ಇಡ್ತಿದೀನಿ ಅಂದ್ಕೊಂಡೆ?"

"ಅಕ್ಕನಿಗೆ. ನಿನ್ನೆಯಿಂದ ಮಾತೇ ಆಡಿಲ್ಲ ನೀವು."

"ಅಭ್ಯಾಸ ಮಾಡ್ಕೋತಿದ್ದೆ ಕಣೋ." ಅಪ್ಪ ಉಸಿರಿಗಾಗಿ ನಿಂತರು, ಎದೆಗೂಡು ನಿಲುವಂಗಿಯೊಳಗೆ ಎದ್ದು ಇಳಿಯಿತು. "ನಾಳೆಯಿಂದ ಹೀಗೇ ತಾನೆ ಇರೋದು. ಹೇಗಿರುತ್ತೆ ಅಂತ ನೋಡ್ತಿದ್ದೆ. ಅಷ್ಟೇನೂ ಕಷ್ಟ ಇಲ್ಲ. ಆ ನರ್ಸು ಹುಡುಗಿ ಎರಡು ಜನಕ್ಕೆ ಆಗೋಷ್ಟು ಮಾತಾಡುತ್ತೆ."

ಅವನಿಗೆ ನಗು ಬರಲಿಲ್ಲ. ಸ್ಟೂಲಿನ ಅಂಚು ತೊಡೆಗೆ ಒತ್ತುತ್ತಿತ್ತು. ಓಣಿಯಲ್ಲಿ ಯಾವುದೋ ಗಾಡಿಯ ಚಕ್ರಗಳು ಉರುಳಿ ಬಂದು, ಈ ಬಾಗಿಲ ಮುಂದೆ ನಿಂತಂತಾಗಿ, ಮುಂದೆ ಹೋದವು.

"ತಿಂಗಳುಗಟ್ಟಲೆ ಫೋನಿಗೆ ಬರಲಿಲ್ಲ ನಾನು. ಯಾಕೆ ಅಂದ್ಕೊಂಡೆ?"

"ನೋವು ಅಂತ."

"ಕಿವಿ ಅಂತ ಹೆಸರಿಟ್ಟೆ," ಎಂದರು ಅಪ್ಪ, "ಕೇಳಿಸ್ಕೊಳ್ಳೋದು ಮಾತ್ರ ಕಲೀಲಿಲ್ಲ ನೀನು." ಬೈಗುಳದಲ್ಲಿ ಬಿಸಿ ಇರಲಿಲ್ಲ. "ಅವಳ ಹತ್ರ ನನ್ನ ದನಿ ಇದೆ. ಮೆಷಿನ್ನಿನ ಕೆಳಗೆ ಕೂತು ಕೇಳಿದ್ದು. ಅದರ ಮೇಲೆ ಇದನ್ನ ಹಾಕೋಕೆ ನನಗೆ ಇಷ್ಟ ಇಲ್ಲ. ಒಳ್ಳೇ ಬಟ್ಟೆಗೆ ತೇಪೆ ಯಾಕೆ? ಅವಳು ಬರ್ತೀನಿ ಅಂದಾಗ ಬೇಡ ಅನ್ನೋಕಾಗಲಿಲ್ಲ. ನೀನು ಬೇರೆ, ಎಂಟೂವರೆಗೇ ಬಂದಿರ್ತಾಳೆ ಅಂತ ಹೇಳ್ತಾ ಬಂದೆ. ಬರೋದು ಸ್ವಲ್ಪ ತಡ ಆಗಲಪ್ಪಾ ಅಂತ ದೇವರನ್ನ ಕೇಳ್ಕೊಂಡಿದೀನಿ. ಎರಡು ದಿನದಿಂದ ಅದೇ ಕೇಳ್ತಿದೀನಿ."

ಅವನು ತಲೆಯೆತ್ತಿದ. ಅಪ್ಪನ ಕುತ್ತಿಗೆಯ ಮೇಲಿನ ನೇರಳೆ ಗೆರೆ ಅವರು ಮಾತಾಡಿದಂತೆಲ್ಲ ಮೇಲೆ ಕೆಳಗೆ ಆಡುತ್ತಿತ್ತು. ಹಾಗಾದರೆ ತನ್ನ ತಪ್ಪು ತನ್ನದೂ ಅಲ್ಲವೆ? ಅದು ಇನ್ನೊಬ್ಬರ ಪ್ರಾರ್ಥನೆಯ ಕೈಗೆ ಸಿಕ್ಕಿದ ಸಲಕರಣೆಯೆ? ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯುವುದಕ್ಕೆ ಶುರುವೂ ಆಗಿತ್ತು. ಅಷ್ಟರಲ್ಲಿ, ಹನ್ನೊಂದು ಗಂಟೆಗೆ ಬಾಗಿಲಲ್ಲಿ ನಿಲ್ಲುವ ಅಕ್ಕ ಕಂಡಳು. ಖಾಲಿ ಮಂಚ, ಮಡಿಸಿಟ್ಟ ಹೊದಿಕೆ, ಅವಳ ಕಣ್ಣು ಮಂಚದಿಂದ ತನ್ನ ಕಡೆಗೆ ತಿರುಗುವುದು.

"ಹಾಗಾದ್ರೆ ಕಾಯಲ್ವಾ?"

"ಕಾಯಲ್ಲ. ಒಂಬತ್ತಕ್ಕೇ ಹೋಗ್ತೀನಿ. ಆಮೇಲೆ ಬಂದು ನನ್ನ ನೋಡಲಿ. ಕೈ ಹಿಡ್ಕೊಂಡು ಕೂರಲಿ. ಪದ್ಯ ಬೇಕಾದ್ರೆ ಅವಳೇ ಹೇಳಲಿ, ನಾನು ಕೇಳ್ತೀನಿ. ಇನ್ಮೇಲೆ ಕಿವಿ ನಾನು."

ಬಾಗಿಲು ತಟ್ಟಿ, ಗಾಡಿ ತಂದವನು ಅರ್ಧ ಮುಖ ತೋರಿಸಿದ. ಅವನ ಹಿಂದೆ ಸರ್ಜನ್ನಮ್ಮ ಹುಬ್ಬು ಏರಿಸಿದರು. ಅಪ್ಪ ಅವರತ್ತ ಕೈ ಎತ್ತಿ, ಬನ್ನಿ ಎಂಬಂತೆ ಬೆರಳು ಮಡಿಸಿದರು. ಸರ್ಜನ್ನಮ್ಮ ತಲೆಯಾಡಿಸಿ ಹೋದರು. ಗಾಡಿಯವನು ಅದನ್ನು ಮಂಚಕ್ಕೆ ಸಮನಾಗಿ ತಂದು ನಿಲ್ಲಿಸಿ, ಚಕ್ರದ ತಡೆಯನ್ನು ಕಾಲಿನಿಂದ ಒತ್ತಿದ. ಅಪ್ಪ ತಾವೇ ಜರುಗಿ ಅದರ ಮೇಲೆ ಹೋದರು, ಯಾರ ಕೈಯನ್ನೂ ಹಿಡಿಯದೆ. ಅವನು ಗಾಡಿಯ ಸರಳು ಹಿಡಿದುಕೊಂಡ. ಅದು ತಣ್ಣಗಿತ್ತು.

"ಅಪ್ಪ, ಒಂದು ಕೇಳ್ತೀನಿ. ಅಕ್ಕನಿಗೆ ಹೇಳ್ತೀನಿ. ಕಾಯೋಕೆ ಆಗ್ತಿತ್ತು, ನೀವೇ ಬೇಡ ಅಂದ್ರಿ ಅಂತ. ಅಷ್ಟು ಹೇಳಲಾ?"

ಅಪ್ಪ ಮೇಲಿನ ದೀಪ ನೋಡುತ್ತಿದ್ದರು.

"ಲೆಕ್ಕ ತಪ್ಪಿತು ಅಂತ ಹೇಳು," ಎಂದರು. ಉಸಿರು ಮಾತಿನ ನಡುವೆ ಕಡಿಯಿತು, ಏರಿನಲ್ಲಿ ಕಡಿಯುತ್ತಿದ್ದಂತೆಯೇ. "ತಪ್ಪಿತಲ್ಲ. ಅದು ನಿಜವೇ. ನಿನ್ನ ಮೇಲೆ ಸಿಟ್ಟಾಗ್ತಾಳೆ. ಒಂದು ವರ್ಷ ಮಾತು ಬಿಡ್ತಾಳೆ, ಆಮೇಲೆ ಬೈಯೋಕೇ ಅಂತ ಫೋನ್ ಮಾಡ್ತಾಳೆ, ಅಲ್ಲಿಗೆ ಮುಗೀತು. ನಾನು ಬಾಗಿಲು ಹಾಕ್ಕೊಂಡೆ ಅಂತ ಗೊತ್ತಾದ್ರೆ ಅದು ಮುಗಿಯೋದಲ್ಲ."

ನನಗೆ ಹಾಕಿದಿರಲ್ಲ, ಎಂಬ ಮಾತು ಅವನ ಗಂಟಲವರೆಗೆ ಬಂತು. ಗಾಡಿಯವನು ತಡೆ ಬಿಡಿಸಿದ. ಚಕ್ರ ಅಲುಗಿತು. ಅವನು ಸರಳು ಬಿಡದೆ ಪಕ್ಕದಲ್ಲೇ ನಡೆದ, ಬಾಗಿಲು ದಾಟಿ, ಒರೆಸಿದ ನೆಲದ ಮೇಲೆ, ಬಾಗಿ, ಅಪ್ಪನ ಬಾಯಿಗೆ ಕಿವಿ ಹತ್ತಿರ ಮಾಡಿಕೊಂಡು. ಇಷ್ಟು ಹತ್ತಿರದಿಂದ ಆ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಮೆಷಿನ್ನಿನ ಕೆಳಗಿನ ಜಾಗ ಎಂದೂ ಅವನದಾಗಿರಲಿಲ್ಲ.

"ಅವಳು ನನ್ನ ಕೇಳ್ತಾಳೆ ಅಪ್ಪ. ಬೇಕಂತ ಮಾಡಿದೆಯಾ ಅಂತ ಕೇಳ್ತಾಳೆ. ನಾನು ಏನಂತ ಹೇಳ್ಲಿ? ನಂಗೇ ಗೊತ್ತಿಲ್ಲ. ಇದೊಂದು ಮಾತು ಹೇಳೋಕೆ ಬಿಡಿ. ಈಗ ಬೇಡ, ಯಾವಾಗಲಾದ್ರೂ. ನೀವು ಹೋದ ಮೇಲಾದ್ರೂ. ನನಗೋಸ್ಕರ."

ಎರಡು ರೆಕ್ಕೆಯ ದೊಡ್ಡ ಬಾಗಿಲು ತಾನಾಗಿ ತೆರೆದುಕೊಂಡಿತು. ಅಪ್ಪ ತಲೆ ತಿರುಗಿಸಿ, ಅಳತೆ ತೆಗೆಯುವ ಆ ಕಣ್ಣುಗಳಿಂದ ಅವನನ್ನು ಹೆಗಲಿಂದ ಹೆಗಲಿಗೆ ಒಮ್ಮೆ ನೋಡಿ, ಎಲ್ಲೂ ಕಡಿಯದ, ಎಲ್ಲೂ ಒಡೆಯದ ದನಿಯಲ್ಲಿ, "ಇಲ್ಲ," ಎಂದರು.